ಬಸುರಿ ಕಲ್ಲು

ಆ ಕಲ್ಲಿನ ಮೇಲೆ ನನಗೆ ಇವತ್ತಿಗೂ ಸಿಟ್ಟು ಹೋಗಿಲ್ಲ. ಜೀವ ಇಲ್ಲದ ವಸ್ತುವಿನ ಮೇಲೆ ಸಿಟ್ಟು ಮಾಡಿಕೊಳ್ಳುವವಳು ದಡ್ಡಿ ಎಂದು ನನಗೂ ಗೊತ್ತು. ಆದರೆ ಒಂದು ಕಾಲಕ್ಕೆ ಅದಕ್ಕೂ ಜೀವ ಇತ್ತಂತೆ. ಅಷ್ಟರ ಮಟ್ಟಿಗೆ ನನ್ನ ಸಿಟ್ಟಿಗೂ ನ್ಯಾಯ ಇದೆ.

ಅಂಗೈಯಲ್ಲಿ ಹಿಡಿಸುವಷ್ಟು ಕಲ್ಲು. ಒಂದು ಮಗ್ಗುಲು ದುಂಡಗೆ ಉಬ್ಬಿದೆ, ಇನ್ನೊಂದು ಮಗ್ಗುಲು ಒಳಕ್ಕೆ ತಗ್ಗಿದೆ. ಉಬ್ಬಿದ ಕಡೆ ಮೇಲಿನಿಂದ ಕೆಳಗಿನವರೆಗೂ ಸಣ್ಣ ಸಣ್ಣ ಗೀರುಗಳು. ದಿನ ತುಂಬಿದ ಬಸುರಿಯ ಹೊಟ್ಟೆಯ ಮೇಲೆ ಚರ್ಮ ಬಿರಿದು ಬೀಳುವ ಗೀರುಗಳ ಹಾಗೆಯೇ ಇವೆ. ತುದಿಯಲ್ಲಿ ಒಂದು ಕೊಕ್ಕು ಒಳಮುಖವಾಗಿ ಮಡಚಿಕೊಂಡಿದೆ. ಬಣ್ಣ ಮುದಿ ಎತ್ತಿನ ಕೊಂಬಿನದು. ನೋಡುವುದಕ್ಕೆ ಚೆಂದವೇನೂ ಅಲ್ಲ.

ತಂದವರು ನನ್ನ ಗಂಡ. ಎರಡನೇ ಮಹಾಯುದ್ಧ ಶುರುವಾದ ಮೇಲೆ ನಮ್ಮ ಪೆದ್ದಕಡುಬೂರಿನ ಕಡೆಯಿಂದ ಕೆಲವರು ಮಿಲಿಟರಿ ಸೇರಿದರು. ಬಂದೂಕು ಹಿಡಿಯುವ ಕೆಲಸವಲ್ಲ, ಗುಡ್ಡ ಕಡಿದು ರಸ್ತೆ ಮಾಡುವ ಪಡೆ. ನಮ್ಮದು ಕುರಿ ಮತ್ತು ಜೋಳದ ಮನೆ. ಮಾವ ತೀರಿಹೋಗಿದ್ದರು. ಕುರಿಗಳನ್ನು ನಮ್ಮ ಅತ್ತೆಯ ತಮ್ಮನಿಗೆ ಒಪ್ಪಿಸಿ ಇವರು ಹೊರಟುಬಿಟ್ಟರು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಪಂಜಾಬಿನಲ್ಲಿ ಉಪ್ಪಿನ ಗುಡ್ಡಗಳಿವೆಯಂತೆ. ಔಷಧಿಗೆಂದು ಅಂಗಡಿಯಲ್ಲಿ ತರುತ್ತೇವಲ್ಲ, ಆ ಸೈಂಧವ ಉಪ್ಪು ಅಲ್ಲಿಯದೇ. ಆ ಗುಡ್ಡಗಳಲ್ಲಿ ರಸ್ತೆ ಕಡಿಯುವಾಗ ಸುಣ್ಣಗಲ್ಲಿನ ಬಂಡೆಯೊಳಗೆ ಇಂಥವು ರಾಶಿ ರಾಶಿ ಸಿಕ್ಕವಂತೆ. ರಜೆಗೆ ಬಂದಾಗ ಒಂದು ಗಟ್ಟಿ ಉಪ್ಪು, ಒಂದು ಕಂಬಳಿ ಮತ್ತು ಈ ಕಲ್ಲನ್ನು ತಂದರು. ಕುರಿ ಸಾಕುವ ಮನೆಗೆ ಕಂಬಳಿ ತಂದ ಜಾಣರು ಅವರು. ಕಲ್ಲಿನ ಬಗ್ಗೆ ಇನ್ನೇನು ಹೇಳಲಿ.

"ಇದು ಕಲ್ಲಲ್ಲ, ಚಿಪ್ಪು," ಅಂದರು ಊಟಕ್ಕೆ ಕೂತಾಗ. "ನಮ್ಮ ಸಾಹೇಬ ಹೇಳ್ಯಾನ. ಇದರ ಹೆಸರು ಪ್ರೊಡಕ್ಟಸ್ ಅಂತ. ಅಲ್ಲೆಲ್ಲ ಒಂದು ಕಾಲಕ್ಕ ಸಮುದ್ರ ಇತ್ತಂತ. ಇದು ತಳದ ಕೆಸರಿನ್ಯಾಗ ಹೊಟ್ಟಿ ಊರಿ ಕುಂದರ್ತಿತ್ತಂತ."

"ಕುಂತು ಏನ್ ಮಾಡ್ತಿತ್ತು?" ಎಂದು ಕೇಳಿದೆ.

"ಏನೂ ಇಲ್ಲ. ಮೈಮ್ಯಾಲಿನ ಮುಳ್ಳು ಕೆಸರಿಗೆ ಊರಿ, ಕುಂತಲ್ಲೇ ಕುಂತು, ನೀರಾಗ ಬಂದಿದ್ದು ತಿಂದು, ಅಲ್ಲೇ ಸಾಯೋದು."

ಎಂಥ ಸುಖದ ಜನ್ಮ ಅನ್ನಿಸಿತು ನನಗೆ. ಬೆಳಗಿನಿಂದ ಹೊಲ, ಹಟ್ಟಿ, ಒಲೆ ಎಂದು ತಿರುಗಿ ನನ್ನ ಸೊಂಟ ಬಿದ್ದುಹೋಗಿತ್ತು. ಅವರು ಇನ್ನೂ ಹೇಳುತ್ತಿದ್ದರು. ನಮ್ಮ ಹಳ್ಳದ ಚಿಪ್ಪಿನಂತೆ ಇದಕ್ಕೆ ಎಡಕ್ಕೊಂದು ಬಲಕ್ಕೊಂದು ಹೋಳಿಲ್ಲ, ಕೆಳಗೆ ಹೊಟ್ಟೆಯ ಚಿಪ್ಪು, ಅದರೊಳಗೆ ಇಳಿದು ಕೂತ ಮುಚ್ಚಳ ಮೇಲೆ. ಆ ಜಾತಿ ಈಗ ಯಾವ ಸಮುದ್ರದಲ್ಲೂ ಇಲ್ಲ. ಕುಲಕ್ಕೆ ಕುಲವೇ ನಾಶವಾಗಿ ಲೆಕ್ಕಕ್ಕೆ ಸಿಗದಷ್ಟು ಕಾಲವಾಗಿದೆ. ಇದನ್ನೆಲ್ಲ ಸಾಹೇಬ ಹೇಳಿದ್ದಂತೆ.

ನಮ್ಮ ಅತ್ತೆ ಅಲ್ಲೇ ರೊಟ್ಟಿ ಬಡಿಯುತ್ತಿದ್ದವರು ಕೈ ತೊಳೆದುಕೊಂಡು ಬಂದರು. ಕಲ್ಲನ್ನು ಬುಡ್ಡಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಗೀರುಗಳ ಮೇಲೆ ಹೆಬ್ಬೆರಳು ಎಳೆದರು.

"ನಿಮಗ ಕಣ್ಣಿಲ್ಲೇನು? ಇದು ಬಸುರಿ," ಅಂದರು. ಅಂದವರೇ ದೇವರ ಗೂಡಿನಲ್ಲಿ ಈರಣ್ಣನ ಪಟದ ಪಕ್ಕಕ್ಕೆ ಇಟ್ಟುಬಿಟ್ಟರು. ನನ್ನ ಗಂಡ ನಕ್ಕರು. ನಗುವವರಿಗೇನು, ರಜೆ ಮುಗಿಸಿಕೊಂಡು ರೈಲು ಹತ್ತಿದರು. ಅನುಭವಿಸಿದವಳು ನಾನು.

ಅವರು ಹೋದ ಸ್ವಲ್ಪ ದಿನಕ್ಕೇ ಎದುರು ಮನೆಯ ಸೊಸೆ ಬೇನೆ ಬಂದು ಹೆರಿಗೆಯಾಗದೆ ಒದ್ದಾಡತೊಡಗಿದಳು. ಅತ್ತೆ ನನ್ನ ಕೈಯಲ್ಲಿ ಕಲ್ಲು ಹಿಡಿಸಿಕೊಂಡು ಹೋದರು. ಕಂಚಿನ ತಟ್ಟೆಯಲ್ಲಿ ನೀರು ಹಾಕಿಸಿ, ಕಲ್ಲನ್ನು ಹೊಟ್ಟೆ ಕೆಳಗಾಗಿ ಇಡಿಸಿ, ಆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. ಗಳಿಗೆಯೊಳಗೆ ಗಂಡುಕೂಸು. ಹೆರುವ ಹೊತ್ತು ಹೇಗೂ ಬಂದಿತ್ತು ಎಂದು ಸೂಲಗಿತ್ತಿ ನನ್ನ ಕಿವಿಯಲ್ಲಿ ಹೇಳಿದಳು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದರೆ ಯಾರೇನು ಮಾಡಲಾದೀತು. ಆ ಹುಡುಗಿ ಬೆವರಿನಲ್ಲಿ ನೆನೆದು ಮಲಗಿದ್ದಳು. ಯಾರೋ ಕಲ್ಲಿನ ವಿಷಯ ಹೇಳಿದಾಗ ಕಣ್ಣು ತೆರೆದು, "ಕಲ್ಲು ತಂದಾವನ ಹೊಟ್ಟಿ ತಣ್ಣಗಿರಲಿ" ಅಂದಳು.

ಅತ್ತೆ ಆ ಮಾತು ಕೇಳಿ ಬಾಗಿಲಲ್ಲೇ ನಿಂತರು. ಸೆರಗಿನಿಂದ ಮುಖ ಒರೆಸಿಕೊಂಡರು. ನಾನು ದಣಿವಿನಿಂದ ಎಂದುಕೊಂಡೆ.

ಕಟ್ಟಳೆಗಳು ಕಲ್ಲಿನ ಜೊತೆ ಪಂಜಾಬಿನಿಂದ ಬಂದವಲ್ಲ. ಒಂದೊಂದಾಗಿ ನಮ್ಮ ಪಡಸಾಲೆಯಲ್ಲೇ ಹುಟ್ಟಿದವು. ಬೇನೆ ತಿನ್ನುವವಳ ಮನೆಯವರು ಒಂದು ತಂಬಿಗೆ ನೀರು ಹಿಡಿದು ನಮ್ಮ ಬಾಗಿಲಿಗೆ ಬಂದು ಕೇಳಬೇಕು. ಗಂಡ ತಂದ ಕಲ್ಲಾದ್ದರಿಂದ ಹೆಂಡತಿಯೇ ಒಯ್ಯಬೇಕು. ದಾರಿಯಲ್ಲಿ ಮಾತಾಡಬಾರದು. ಅವರ ಮನೆಯ ಹೊಸ್ತಿಲು ದಾಟುವಾಗ ಬಲಗಾಲು. ಕೂಸು ಹೊರಬರುವವರೆಗೆ ಎದ್ದು ಬರಬಾರದು, ಆ ಮನೆಯ ಅನ್ನ ಉಣ್ಣಬಾರದು. ಉಣ್ಣಬಾರದು ಎನ್ನುವ ಕಟ್ಟಳೆಯನ್ನು ಮಾತ್ರ ನಾನು ಮನಸ್ಸಿನಲ್ಲಿ ಕ್ಷಮಿಸಿಲ್ಲ. ನನಗೇ ಇನ್ನೂ ಮಕ್ಕಳಿರಲಿಲ್ಲ. ಗಂಡ ಪಂಜಾಬಿನಲ್ಲಿದ್ದರೆ ಮಕ್ಕಳು ಎಲ್ಲಿಂದ ಬರಬೇಕು? ಬಂಜೆಯ ಕೈಯಲ್ಲಿ ಕಲ್ಲು ಬರಬಹುದೇ ಎಂದು ಒಬ್ಬಾಕೆ ಕೇಳಿದ್ದಕ್ಕೆ ಅತ್ತೆ, "ಬೀಗದ ಕೈಗೆ ತಿಜೋರಿ ಇರ್ತೈತೇನು?" ಎಂದು ಬಾಯಿ ಮುಚ್ಚಿಸಿದ್ದರು.

ಮೊದಲು ನಮ್ಮ ಓಣಿಯವರು ಬಂದರು. ಆಮೇಲೆ ಪಕ್ಕದ ಊರಿನವರು. ಆಮೇಲೆ ಗೋನೆಗಂಡ್ಲದ ಕಡೆಯಿಂದ ಬಂಡಿಗಳು ಬರತೊಡಗಿದವು. ತೆಲುಗಿನವರು ಬಾಗಿಲಲ್ಲಿ ನಿಂತು "ಅಕ್ಕಾ, ಆ ರಾಯಿ ತೀಸ್ಕೊನಿ ರಾವಾಲಿ" ಎಂದು ಕೈ ಮುಗಿಯುತ್ತಿದ್ದರು. ಕಲ್ಲು ತೆಗೆದುಕೊಂಡು ಬರಬೇಕಂತೆ. ಬರದೆ ಏನು ಮಾಡಲಿ? ಕಲಸಿದ ಹಿಟ್ಟು ಹಾಗೇ ಬಿಟ್ಟು, ನೆನೆಸಿದ ಬಟ್ಟೆ ಹಾಗೇ ಬಿಟ್ಟು, ಹತ್ತಿ ಬಿಡಿಸುವ ಸಾಲಿನಿಂದ ಅರ್ಧಕ್ಕೆ ಎದ್ದು ಹೋಗಿದ್ದೇನೆ. ಹೋಗಿ ಮೂಲೆಯಲ್ಲಿ ತಟ್ಟೆಯ ಮುಂದೆ ಕೂರುವುದು. ಆ ಹೆಂಗಸರು ಕೂಗುವುದನ್ನು ಕೇಳುವುದು. ಎಲ್ಲರದೂ ಒಂದೇ ಕೂಗು, ಎಲ್ಲರದೂ ಅದೇ ಎಣ್ಣೆ, ಅದೇ ಬಿಸಿನೀರಿನ ವಾಸನೆ. ತಾನು ಬದುಕಿದ್ದಾಗ ಕೂತಲ್ಲಿಂದ ಎದ್ದಿರದ ಪ್ರಾಣಿ ಸತ್ತ ಮೇಲೆ ಊರೂರು ತಿರುಗುತ್ತಿತ್ತು, ಅದೂ ನನ್ನ ಕಾಲಲ್ಲಿ. ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕಾದಿರುತ್ತಿದ್ದರು. ಗಂಡೋ ಹೆಣ್ಣೋ ಎಂದು ಕೇಳುತ್ತಿರಲಿಲ್ಲ.

"ಬಾಣಂತಿ ಏನಂದ್ಲು?" ಎಂದು ಕೇಳುತ್ತಿದ್ದರು.

"ಕಲ್ಲು ತಂದಾವನ ಹೊಟ್ಟಿ ತಣ್ಣಗಿರಲಿ ಅಂದ್ಲು."

"ತನ್ನ ಬಾಯಿಲೆ ಅಂದ್ಲೋ, ಯಾರಾದ್ರೂ ಅನ್ನಿಸಿದರೋ?"

"ತನ್ನ ಬಾಯಿಲೆನ ಅಂದ್ಲು ಅತ್ತಿ, ಒಂದಿಷ್ಟು ನೀರು ಕೊಡ್ರಿ."

ಹೊಗಳಿಕೆಯ ಆಸೆ ಎಂದುಕೊಂಡಿದ್ದೆ. ಈ ವಯಸ್ಸಿನಲ್ಲಿ ದೊಡ್ಡಸ್ತಿಕೆಯ ರುಚಿ ಹತ್ತಿದೆ ಎಂದು ಒಳಗೊಳಗೇ ಬೈದುಕೊಳ್ಳುತ್ತಿದ್ದೆ.

ಒಮ್ಮೆ ಒಂದು ಮನೆಯಲ್ಲಿ ತಾಯಿ ಉಳಿಯಲಿಲ್ಲ. ಕೂಸು ಕೂಡ ಉಳಿಯಲಿಲ್ಲ. ತಟ್ಟೆಯ ನೀರು ಹಾಗೇ ಇತ್ತು, ನಾನು ಹಾಗೇ ಕೂತಿದ್ದೆ. ಅಲ್ಲಿ ಯಾರೂ ಕಲ್ಲಿನ ಕಡೆ ನೋಡಲಿಲ್ಲ, ಎಲ್ಲರೂ ನನ್ನ ಕಡೆ ನೋಡಿದರು. ಹೆತ್ತರೆ ಕಲ್ಲಿನ ಮಹಿಮೆ, ಸತ್ತರೆ ಸೊಸೆಯ ಕಾಲ್ಗುಣ. ಮನೆಗೆ ಬಂದರೆ ಅತ್ತೆಯೂ, "ದಾರ್ಯಾಗ ಯಾರ ಜೋಡಿ ಮಾತಾಡಿದಿ?" ಎಂದು ಕೇಳಿದರು. ನನಗೆ ತಡೆಯಲಾಗಲಿಲ್ಲ.

"ನಿಮ್ಮ ಮಗ ಏನ್ ಹೇಳಿದ್ದು ಮರ್ತೀರೇನು? ಇದರ ಕುಲಾನ ಉಳಿದಿಲ್ಲ. ತನ್ನ ಕುಲ ಉಳಿಸಿಕೊಳ್ಳಾಕ ಆಗಲಾರದ್ದು ಮಂದಿ ಕುಲ ಏನ್ ಉಳಿಸ್ತೈತಿ?"

"ದೀಪದ ಬುಡಕ್ಕ ಯಾವಾಗ್ಲೂ ಕತ್ತಲನ," ಅಂದರು ಅತ್ತೆ. ಅವರಿಗೆ ಮಾತಿನಲ್ಲಿ ಸೋಲು ಎಂಬುದಿರಲಿಲ್ಲ.

ಆ ಸಾವಿನ ಸುದ್ದಿ ನನ್ನ ನಾದಿನಿಗೂ ಮುಟ್ಟಿತ್ತು. ಅತ್ತೆಗೆ ಇದ್ದವರು ಇಬ್ಬರೇ ಮಕ್ಕಳು, ನನ್ನ ಗಂಡ ಮತ್ತು ಈಕೆ. ನನಗಿಂತ ಒಂದೆರಡು ವರ್ಷ ಚಿಕ್ಕವಳು. ನಾನು ಆ ಮನೆಗೆ ಸೊಸೆಯಾಗಿ ಬಂದಾಗ ನನ್ನ ಜೊತೆ ನಕ್ಕವಳು ಅವಳೊಬ್ಬಳೇ. ಗೋನೆಗಂಡ್ಲದ ಹತ್ತಿರಕ್ಕೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ಏಳನೇ ತಿಂಗಳಲ್ಲಿ ತವರಿಗೆ ಬಂದಳು. ಅವಳು ಬಂದ ಮೇಲೆ ನನಗೆ ಕೆಲಸ ಹೆಚ್ಚಾಯಿತು. ಬೇಸರ ಕಡಿಮೆಯಾಯಿತು. ಇಬ್ಬರೂ ಹಿತ್ತಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಾಗ ಒಂದು ದಿನ ಅವಳು ಮೊರವನ್ನು ಕೆಳಗಿಟ್ಟಳು.

"ಅತ್ತಿಗಿ, ನನಗ ಹೆಚ್ಚುಕಡಿಮಿ ಆದ್ರ ಆ ಕಲ್ಲು ನೋಡ್ಕೋಂತ ಕುಂದರಬ್ಯಾಡ. ಆದೋನಿ ದವಾಖಾನಿಗೆ ಒಯ್ಯಿ. ನಮ್ಮೂರಾಕಿ ಒಬ್ಬಾಕಿ ಅಲ್ಲಿಗೆ ಹೋಗಿ ಬದುಕಿ ಬಂದಾಳ. ಡಾಕ್ಟರಮ್ಮ ಅದಾಳಂತ ಅಲ್ಲಿ."

"ನಿಮ್ಮವ್ವಗ ಹೇಳು."

"ಅವ್ವ ಕೇಳಂಗಿಲ್ಲ. ನೀ ಕೈ ಮ್ಯಾಲೆ ಕೈ ಹಾಕು."

ಅವಳ ಕೈ ತಣ್ಣಗಿತ್ತು. ಕೈ ಹಾಕಿದೆ. ಹಾಕಿದ ದಿನದಿಂದ ಅದೊಂದು ಭಾರ. ಅವಳ ಹೊಟ್ಟೆ ಬೆಳೆದಂತೆ ನನ್ನ ಎದೆಯಲ್ಲಿ ಆ ಭಾರವೂ ಬೆಳೆಯಿತು.

ಬೇನೆ ಶುರುವಾದದ್ದು ಒಂದು ಬೆಳಗ್ಗೆ. ಆ ದಿನ ಪೂರ್ತಿ ಹೋಯಿತು. ಮಾರನೆಯ ದಿನ ಬಿಸಿಲು ಏರಿದರೂ ಆಗಲಿಲ್ಲ. ಕಂಚಿನ ತಟ್ಟೆಯಲ್ಲಿ ಕಲ್ಲು ಹೊಟ್ಟೆ ಕೆಳಗಾಗಿ ಕೂತಿತ್ತು. ನಾದಿನಿ ಆ ನೀರನ್ನು ಕುಡಿದು ಕುಡಿದು ವಾಂತಿ ಮಾಡಿಕೊಂಡಳು. ಸೂಲಗಿತ್ತಿ ಹೊರಗೆ ಬಂದು ಕೈ ತೊಳೆದುಕೊಂಡು ಅತ್ತೆಯ ಮುಂದೆ ನಿಂತಳು.

"ಕೂಸು ಅಡ್ಡ ನಿಂತೈತಿ. ತಿರುಗಿಸಾಕ ನೋಡಿದೆ, ಆಗ್ತಿಲ್ಲ. ನನ್ನ ಕೈ ಕೆಲಸ ಮುಗೀತವ್ವ. ಆದೋನಿಗೆ ಒಯ್ಯಿರಿ."

ಅತ್ತೆ ಎದ್ದು ಹಟ್ಟಿಗೆ ಹೋದರು. ನಾನು ಹಿಂದೆಯೇ ಹೋದೆ. ಕುರಿಗಳು ಮೇಯಲು ಹೋಗಿದ್ದವು. ಖಾಲಿ ಹಟ್ಟಿಯಲ್ಲಿ ಅವರು ಬಗ್ಗಿ ಹಿಕ್ಕೆ ಗುಡಿಸುತ್ತಿದ್ದರು, ಆ ಹೊತ್ತಿನಲ್ಲಿ ಅದೇ ತುರ್ತಿನ ಕೆಲಸ ಎನ್ನುವ ಹಾಗೆ.

"ಅತ್ತಿ, ಬಂಡಿ ಕಟ್ಟಾಕ ಹೇಳ್ತೀನಿ," ಅಂದೆ.

"ಬ್ಯಾಡ."

"ಮಂದಿ ನಗ್ತಾರಂತ ಮಗಳನ್ನ ಸಾಯಾಕ ಬಿಡ್ತೀರೇನು? ಕಲ್ಲಿನ ಮನಿ ಅನ್ನೋ ಮರ್ಯಾದಿ ಅಷ್ಟು ದೊಡ್ಡದಾತೇನು ನಿಮಗ?"

ಅವರು ಪೊರಕೆ ಎಸೆದು ತಿರುಗಿದರು. ಅತ್ತೆಯ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು.

"ಮರ್ಯಾದಿಗೆ ಬೆಂಕಿ ಹಚ್ಚು! ನನ್ನ ಮಗ ಎಲ್ಲಿ ಅದಾನ ಹೇಳು. ಬರ್ಮಾದ ಕಡಿ ಒಯ್ದಾರ ಅಂತ ಸುದ್ದಿ ಬಂತು, ಆಮ್ಯಾಲೆ ಏನರ ಗೊತ್ತಾತೇನು ನಿನಗ? ಈ ಕಲ್ಲು ಹೋದ ಮನಿ ಮನಿಯಾಗ ಹೆತ್ತಾಕಿ ತನ್ನ ಬಾಯಿಲೆ ಅವನ್ನ ಹರಸ್ತಾಳ. ಹೆತ್ತ ಬಾಯಿ ಸುಳ್ಳಾಗಂಗಿಲ್ಲ. ಇವತ್ತು ನಾವ ನಮ್ಮ ಮಗಳನ್ನ ಡಾಕ್ಟರಮ್ಮನ ಹತ್ರ ಒಯ್ದರ ನಾಳಿ ಯಾರು ಬರ್ತಾರ ಕಲ್ಲು ಕೇಳಾಕ? ಯಾರು ಹರಸ್ತಾರ ಅವನ್ನ? ನನಗಿರೂವು ಎರಡ ಕಣ್ಣು. ಯಾವ ಕಣ್ಣಿಗೆ ಸುಣ್ಣ ಹಚ್ಚಲಿ, ನೀನ ಹೇಳು."

ಅಷ್ಟು ದಿನ ನಾನು ಹೊತ್ತು ತಿರುಗಿದ್ದು ನನ್ನ ಗಂಡನ ಆಯುಸ್ಸನ್ನು ಎಂದು ಅತ್ತೆ ನಂಬಿದ್ದರು. ಉಪವಾಸ ಕೂತಾಗ, ದಾರಿಯಲ್ಲಿ ಬಾಯಿ ಮುಚ್ಚಿಕೊಂಡು ನಡೆದಾಗ, ಮನೆಗೆ ಬಂದು ಅದೇ ಪ್ರಶ್ನೆಗೆ ಅದೇ ಉತ್ತರ ಕೊಟ್ಟಾಗ ನನಗೆ ಅದು ತಿಳಿದಿರಲಿಲ್ಲ. ಅವರ ಮಗ ಎಂದರೆ ನನ್ನ ತಾಳಿಯೂ ಹೌದಲ್ಲವೇ. ಬರ್ಮಾ ಎನ್ನುವ ಹೆಸರು ಕೇಳಿದಾಗಿನಿಂದ ನನಗೂ ತುತ್ತು ಇಳಿಯುತ್ತಿರಲಿಲ್ಲ. ಹೆದರಿಕೆಗೆ ವಿದ್ಯೆ ಬುದ್ಧಿ ಏನೂ ಇಲ್ಲ. ಚಿಪ್ಪು ಎಂದು ಗೊತ್ತಿದ್ದೂ ಬಂಡಿ ಕಟ್ಟಿಸಲು ಹೋಗದೆ ನಿಂತೆ.

ಆಗ ಒಳಗಿನಿಂದ ನಾದಿನಿಯ ಕೂಗು ಕೇಳಿಸಿತು. ಜೋರಾಗಿ ಕೂಗಿದ್ದರೆ ನಾನು ಇನ್ನೂ ಅಲ್ಲೇ ನಿಂತಿರುತ್ತಿದ್ದೆನೇನೋ. ಕೂಗು ಸಣ್ಣದಾಗಿತ್ತು. ಎಷ್ಟೋ ಮನೆಗಳ ಮೂಲೆಯಲ್ಲಿ ಕೂತು ಕೇಳಿದವಳು ನಾನು. ಸಣ್ಣದಾಗುವ ಕೂಗು ಎತ್ತ ಹೋಗುತ್ತದೆ ಎಂದು ನನಗೆ ಗೊತ್ತಿತ್ತು.

"ಅತ್ತಿ," ಅಂದೆ, "ಹಿತ್ತಲ ಗಿಡ ಮದ್ದಲ್ಲ."

"ಏನಂದಿ?"

"ಈ ಕಲ್ಲು ಯಾವತ್ತರ ನಮ್ಮ ಮನ್ಯಾಗ ಕುಂತು ಕೆಲಸ ಮಾಡೇತೇನ್ರಿ? ಯಾವಾಗ್ಲೂ ಮಂದಿ ಹೊಸ್ತಿಲ ದಾಟಿ ಹೋಗಿ ಮಾಡೇತಿ. ನೀವ ಹಾಕಿದ ಕಟ್ಟಳಿ ಅದು. ಬಂದು ಕೇಳಬೇಕು, ನಾ ಒಯ್ಯಬೇಕು, ಹೊಸ್ತಿಲ ದಾಟಬೇಕು. ಇಲ್ಲಿ ಯಾರು ಕೇಳ್ಯಾರ? ಯಾವ ಹೊಸ್ತಿಲ ದಾಟೇತಿ? ಗೂಡಿನ್ಯಾಗಿಂದು ತೆಗೆದು ತಟ್ಟಿಯಾಗ ಇಟ್ಟೀವಿ, ಅಷ್ಟ. ಅದಕ್ಕ ಸುಮ್ಮನ ಕುಂತೈತಿ. ಆಕಿನ್ನ ಆದೋನಿಗೆ ಒಯ್ಯೋಣು. ನಾ ಕಲ್ಲು ಹಿಡಕೊಂಡು ದವಾಖಾನಿ ಹೊಸ್ತಿಲ ದಾಟ್ತೀನಿ. ಆಮ್ಯಾಲೆ ಯಾರು ಏನ್ ಅಂತಾರ? ಕಲ್ಲು ಹೋಗಿದ್ದಕ್ಕ ಹೆರಿಗಿ ಆತು ಅಂತಾರ."

ನಾನು ಅದನ್ನು ನಂಬಿ ಹೇಳಿದೆನೋ, ಹೂಡಿ ಹೇಳಿದೆನೋ, ಈಗ ಯೋಚಿಸಿದರೂ ಬಗೆಹರಿಯುವುದಿಲ್ಲ. ಬಾಯಿಗೆ ಬಂತು, ಹೇಳಿದೆ. ಅತ್ತೆ ನನ್ನ ಮುಖವನ್ನೇ ನೋಡಿದರು. ನನ್ನ ಹೂಟ ಅವರಿಗೆ ತಿಳಿಯದೆ ಹೋಗುವಂಥದ್ದಲ್ಲ. ತುರುಬು ಬಿಗಿದು ಕಟ್ಟಿಕೊಂಡರು.

"ಬಂಡಿಗೆ ಹುಲ್ಲು ದಪ್ಪಗ ಹಾಸಾಕ ಹೇಳು," ಅಂದರು. "ಆಕಿ ಮೈ ನುಗ್ಗಾಗ್ತೈತಿ."

ಅತ್ತೆಯ ತಮ್ಮ ಬಂಡಿ ಹೊಡೆದರು. ನಾದಿನಿಯ ತಲೆ ಅವಳ ಅವ್ವನ ತೊಡೆಯ ಮೇಲೆ, ಕಾಲು ನನ್ನ ತೊಡೆಯ ಮೇಲೆ. ನನ್ನ ಮಡಿಲಲ್ಲಿ ಕಲ್ಲು. ಅದು ಹತ್ತಿಯ ಕಾಲ. ರಸ್ತೆಯ ತುಂಬ ಆದೋನಿಯ ಜಿನ್ನಿಂಗ್ ಗಿರಣಿಗೆ ಹೋಗುವ ಹತ್ತಿ ಬಂಡಿಗಳು. ಒಂದರ ಹಿಂದೆ ಒಂದು, ಮನೆಯೆತ್ತರ ಹೇರಿಕೊಂಡು, ನಿದ್ದೆ ಮಾಡುತ್ತ ಹೋಗುತ್ತಿದ್ದವು. ದಾರಿ ಬಿಡಿ ಎಂದು ಅತ್ತೆಯ ತಮ್ಮ ಕೂಗಿ ಕೂಗಿ ಗಂಟಲು ಕಟ್ಟಿತು. ಕೊನೆಗೆ ಅತ್ತೆಯೇ ಬಂಡಿಯಲ್ಲಿ ಎದ್ದು ನಿಂತು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಬೈಗುಳ ಕೇಳಿ ಒಬ್ಬ ತಿರುಗಿ ನೋಡಿ ಗುರುತು ಹಿಡಿದ.

"ಯಮ್ಮಾ, ಬಸುರಿ ಕಲ್ಲಿನ ಮನಿಯವ್ರಲ್ಲೇನು ನೀವು? ನೀವ್ಯಾಕ ಆದೋನಿಗೆ ಹೊಂಟೀರಿ?"

ಇದೇ ಪ್ರಶ್ನೆಗೆ ಅತ್ತೆ ಹೆದರಿದ್ದು.

"ಕಲ್ಲು ಹೊಸ್ತಿಲ ದಾಟಬೇಕಂತಪ್ಪಾ!" ಅಂದರು ಅತ್ತೆ, ರಸ್ತೆಗೆಲ್ಲ ಕೇಳಿಸುವ ಹಾಗೆ. "ಸರಿಸು ನಿನ್ನ ಬಂಡಿ!"

ಅವನು ಸರಿಸಿದ. ಮುಂದಿನವರಿಗೂ ಕೂಗಿ ಹೇಳಿದ. ಒಂದೊಂದಾಗಿ ಬಂಡಿಗಳು ಮಗ್ಗುಲಿಗೆ ಇಳಿದವು. ದಾರಿಯಲ್ಲಿ ಮಾತಾಡಬಾರದೆಂಬ ಕಟ್ಟಳೆ ನನಗೆ ನೆನಪಾದದ್ದು ಅರ್ಧ ದಾರಿ ಕಳೆದ ಮೇಲೆ. ಅಷ್ಟರಲ್ಲಿ ನಾನು ನಾದಿನಿಯ ಪಾದ ತಿಕ್ಕುತ್ತ ಸಿಕ್ಕಿದ್ದೆಲ್ಲ ಮಾತಾಡಿಬಿಟ್ಟಿದ್ದೆ. ಅತ್ತೆಗೂ ಅದು ಕೇಳಿಸಿತ್ತು, ಆದರೂ ಗದರಲಿಲ್ಲ.

ಆದೋನಿಯ ಗುಡ್ಡಗಳು ಕಂಡಾಗ ಹೊತ್ತು ಇಳಿಯುತ್ತಿತ್ತು. ದವಾಖಾನೆಯ ಡಾಕ್ಟರಮ್ಮ ತೆಲುಗಿನಾಕೆ, ನನ್ನ ತಾಯಿಯ ವಯಸ್ಸಿನವರು. ಹೊಟ್ಟೆಯ ಮೇಲೆ ಕೈಯಿಟ್ಟವರೇ, "ಇಂತ ಆಲಸ್ಯಂಗಾ ತೀಸ್ಕೊಸ್ತಾರಾ?" ಎಂದು ನಮ್ಮ ಮೇಲೆ ರೇಗಿದರು. ಇಷ್ಟು ತಡವಾಗಿ ತರುತ್ತಾರೆಯೇ ಎಂದು. ನಾದಿನಿಯನ್ನು ಒಳಗೆ ಒಯ್ದರು. ನಾನು ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆಯೇ ಹೊರಟೆ. ನರ್ಸಮ್ಮ ಬಾಗಿಲಿಗೆ ಅಡ್ಡ ನಿಂತರು.

"ಏನದು?"

"ಕಲ್ಲು ರೀ."

"ಕಲ್ಲು ಯಾಕಮ್ಮಾ ಇಲ್ಲಿ? ಹೊರಗಡೆ ಕೂತ್ಕೋ."

ನನ್ನ ಬಲಗಾಲು ಹೊಸ್ತಿಲ ಆಚೆ ಇತ್ತು, ಎಡಗಾಲು ಈಚೆ. ಏನು ಮಾಡಲಿ ಎಂದು ಅತ್ತೆಯ ಕಡೆ ತಿರುಗಿದೆ. ಅವರು ನನ್ನ ಪಾದಗಳನ್ನೇ ನೋಡುತ್ತಿದ್ದರು.

"ಒಂದು ಕಾಲು ದಾಟೇತಿ," ಅಂದರು. "ಸಾಕು, ಬಾ."

ವರಾಂಡದಲ್ಲಿ ಗೋಡೆಗೆ ಒರಗಿ ಕೂತೆ. ತಟ್ಟೆ ಇಲ್ಲ, ನೀರು ಇಲ್ಲ, ಮುಂದೆ ಬೇನೆ ತಿನ್ನುವವಳಿಲ್ಲ. ಕಲ್ಲು ಬಂದ ಮೇಲೆ ನನಗೆ ಮಾಡಲು ಏನೂ ಕೆಲಸವಿಲ್ಲದೆ ಕೂತದ್ದು ಅದೇ ಮೊದಲು. ಹೇಳಿದರೆ ನಗುತ್ತೀರಿ, ನಾನು ನಿದ್ದೆ ಹೋದೆ. ಪ್ರಾಣಕ್ಕೆ ಪ್ರಾಣವಾದ ನಾದಿನಿ ಒಳಗೆ ಸಾವು ಬದುಕಿನಲ್ಲಿದ್ದಾಗ ಕಲ್ಲನ್ನು ಮಡಿಲಲ್ಲಿಟ್ಟುಕೊಂಡು, ಬಾಯಿ ತೆರೆದುಕೊಂಡು, ಗೊರಕೆ ಹೊಡೆದೆನಂತೆ. ಎಷ್ಟೋ ತಿಂಗಳಿಂದ ಕೂಡಿಟ್ಟ ನಿದ್ದೆ ಅದು. ಅತ್ತೆ ಭುಜ ಹಿಡಿದು ಅಲುಗಾಡಿಸಿದಾಗ ಬಾಗಿಲ ಆಚೆ ಕೂಸು ಅಳುತ್ತಿತ್ತು.

"ಹೆಣ್ಣು," ಅಂದರು ಅತ್ತೆ. "ಇಬ್ಬರೂ ಅದಾರ."

ಅವರು ಅತ್ತೆ ಎನ್ನುವುದನ್ನೂ ಮರೆತು ತಬ್ಬಿಕೊಂಡು ಅತ್ತುಬಿಟ್ಟೆ.

ಒಳಗೆ ಬಿಟ್ಟಾಗ ನಾದಿನಿ ಬಿಳಿಚಿಕೊಂಡು ಮಲಗಿದ್ದಳು. ತುಟಿ ಒಡೆದಿದ್ದವು. ಅತ್ತೆ ಕೂಸನ್ನು ನೋಡಲಿಲ್ಲ, ಮಗಳ ತಲೆಯ ಹತ್ತಿರ ಬಗ್ಗಿ ನಿಂತರು, ಏನೋ ಕೇಳಿಸಿಕೊಳ್ಳುವವರ ಹಾಗೆ. ಯಾವ ಮಾತಿಗೆ ಕಾದಿದ್ದಾರೆಂದು ನನಗೆ ತಿಳಿಯಿತು. ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತ ಮಂಚದ ಆ ಬದಿಗೆ ಬಂದರು. ನಾದಿನಿ ಅವರ ಸೀರೆಯ ಅಂಚನ್ನು ಹಿಡಿದುಕೊಂಡಳು.

"ಯಮ್ಮಾ, ನಿಮ್ಮ ಹೊಟ್ಟಿ ತಣ್ಣಗಿರಲಿ," ಅಂದಳು.

ಅತ್ತೆ ಬಗ್ಗಿದ್ದವರು ನಿಧಾನವಾಗಿ ನೆಟ್ಟಗಾದರು. ಸಿಟ್ಟಾಗಲಿಲ್ಲ. ಮಗಳ ಕೂದಲನ್ನು ಹಿಂದಕ್ಕೆ ಸರಿಸಿದರು, ಕೂಸನ್ನು ಎತ್ತಿಕೊಂಡರು, ಡಾಕ್ಟರಮ್ಮನಿಗೆ ಕೈ ಮುಗಿದರು. ಎಲ್ಲವನ್ನೂ ಸರಿಯಾಗಿಯೇ ಮಾಡಿದರು. ಆದರೆ ಆಮೇಲೆ ದವಾಖಾನೆಯಲ್ಲಿದ್ದಷ್ಟು ದಿನವೂ ಅವರು ಸರಿಯಾಗಿ ಉಣ್ಣಲಿಲ್ಲ. ಬಾಣಂತಿಗೆ ಬಿಸಿನೀರು ಕಾಯಿಸುವಾಗ, ಕೂಸಿನ ಬಟ್ಟೆ ಒಗೆಯುವಾಗ, ಕೈ ನಿಲ್ಲಿಸಿ ಎತ್ತಲೋ ನೋಡುತ್ತಿದ್ದರು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಕಲ್ಲು ಕೇಳಿ ಬರುವವರು ಆಮೇಲೆ ಕಡಿಮೆಯಾದರು. ಬಂದವರಿಗೂ ಅತ್ತೆ, ಮೊದಲು ಬಂಡಿ ಕಟ್ಟಿ ಆದೋನಿ ದಾರಿ ಹಿಡಿಯಿರಿ, ಸೊಸೆ ಕಲ್ಲು ತಗೊಂಡು ಹಿಂದೆ ಬರುತ್ತಾಳೆ ಎನ್ನತೊಡಗಿದರು. ಅಂದರೆ ನನ್ನ ತಿರುಗಾಟ ಇನ್ನಷ್ಟು ಉದ್ದವಾಯಿತು. ಯುದ್ಧ ಮುಗಿದ ಮೇಲೆ ನನ್ನ ಗಂಡ ಬಂದರು. ಜ್ವರದಲ್ಲಿ ಸೊರಗಿ, ಅರ್ಧ ಆಳಾಗಿ, ಆದರೆ ಕೈಕಾಲು ನೆಟ್ಟಗಿಟ್ಟುಕೊಂಡೇ ಬಂದರು. ಇದೆಲ್ಲ ಈಗ ಗೊತ್ತು. ಆದೋನಿಯಿಂದ ಬಾಣಂತಿಯನ್ನು ಕರೆದುಕೊಂಡು ಊರಿಗೆ ಮರಳುತ್ತಿದ್ದ ದಿನ ನಮಗೆ ಏನೂ ಗೊತ್ತಿರಲಿಲ್ಲ.

ಬಂಡಿ ನಿಧಾನ ಹೋಗುತ್ತಿತ್ತು. ನಾದಿನಿ ಕೂಸಿನ ಜೊತೆ ನಿದ್ದೆ ಹೋಗಿದ್ದಳು. ಅತ್ತೆ ನನ್ನ ಎದುರಿಗೆ ಮೊಣಕಾಲು ಕಟ್ಟಿಕೊಂಡು ಕೂತಿದ್ದರು. ಊರೇ ಹೆದರುವ ಹೆಂಗಸು ಆ ಹೊತ್ತು ಎಷ್ಟು ಚಿಕ್ಕವರಾಗಿ ಕಂಡರೆಂದರೆ ನನಗೆ ನೋಡಲಾಗಲಿಲ್ಲ.

"ಯವ್ವಾ," ಅಂದರು. ಅವರು ನನ್ನನ್ನು ಹಾಗೆ ಕರೆದದ್ದು ಅಪರೂಪ. "ನಾ ಮಗಳನ್ನ ಉಳಿಸಿಕೊಂಡೆ. ಅವನಿಗೇನೂ ಆಗಂಗಿಲ್ಲಲ್ಲ?"

ನನಗೇನು ಗೊತ್ತು? ನಾನು ಬರ್ಮಾ ಕಂಡವಳೇ, ಯುದ್ಧ ಕಂಡವಳೇ? ನನಗೂ ಯಾರಾದರೂ ಏನೂ ಆಗುವುದಿಲ್ಲ ಎಂದು ಹೇಳಲಿ ಅನ್ನಿಸುತ್ತಿತ್ತು. ಹೇಳುವವರು ಯಾರೂ ಇರಲಿಲ್ಲ.

"ಏನೂ ಆಗಂಗಿಲ್ಲ ಅತ್ತಿ," ಅಂದೆ.

"ಇನ್ನೊಮ್ಮಿ ಅನ್ನು."

"ಏನೂ ಆಗಂಗಿಲ್ಲ."

ಅವರು ಕಣ್ಣು ಮುಚ್ಚಿಕೊಂಡರು. ನಾನು ನಿಲ್ಲಿಸಿದಾಗೆಲ್ಲ ಕಣ್ಣು ತೆರೆಯುತ್ತಿದ್ದರು. ಊರು ಬರುವವರೆಗೂ ಅನ್ನುತ್ತಲೇ ಬಂದೆ.